ಕಫಾಲಾ ಪದ್ಧತಿ

ಕಫಾಲಾ ಪದ್ಧತಿಯು ವಿದೇಶಿ ಕಾರ್ಮಿಕರ ಪ್ರವೇಶ, ವಾಸ್ತವ್ಯ, ಉದ್ಯೋಗ ಮತ್ತು ನಿರ್ಗಮನಗಳನ್ನು ಒಬ್ಬ ಸ್ಥಳೀಯ ಹೊಣೆಗಾರನ ಮೂಲಕ ನಿಯಂತ್ರಿಸುವ ವ್ಯವಸ್ಥೆಯಾಗಿದೆ. ಸೌದಿ ಅರೇಬಿಯಾ, ಸಂಯುಕ್ತ ಅರಬ್ ಸಂಸ್ಥಾನ (ಯುಎಇ), ಕುವೈತ್, ಕತಾರ್, ಬಹರೈನ್ ಮತ್ತು ಒಮಾನ್ ಎಂಬ ಆರು ಕೊಲ್ಲಿ ರಾಷ್ಟ್ರಗಳಲ್ಲಿಯೂ, ಜೋರ್ಡಾನ್ ಹಾಗೂ ಲೆಬನಾನ್‌ಗಳಲ್ಲಿಯೂ ಇದು ಬೇರೆ ಬೇರೆ ರೂಪಗಳಲ್ಲಿ ಬಳಕೆಗೆ ಬಂದಿದೆ. ಹೊಣೆ ಹೊರುವ ವ್ಯಕ್ತಿ ಅಥವಾ ಸಂಸ್ಥೆಯನ್ನು ಕಫೀಲ ಎಂದೂ, ಆ ಹೊಣೆಯ ಅಡಿಯಲ್ಲಿ ಬರುವ ವಿದೇಶಿಯನ್ನು ಮಕ್ಫೂಲ ಎಂದೂ ಕರೆಯಲಾಗುತ್ತದೆ.

ಇತರ ಅನೇಕ ದೇಶಗಳಲ್ಲಿಯೂ ಉದ್ಯೋಗದ ವೀಸಾ ಉದ್ಯೋಗದಾತನಿಗೆ ತಳುಕು ಹಾಕಿಕೊಂಡಿರುತ್ತದೆ. ಕಫಾಲಾದ ವಿಶೇಷವೆಂದರೆ, ವಿದೇಶಿಯು ಆ ದೇಶದಲ್ಲಿ ಕಾನೂನುಬದ್ಧವಾಗಿ ಇದ್ದಾನೆಯೇ ಇಲ್ಲವೇ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವ ಅಧಿಕಾರವನ್ನು ಸರ್ಕಾರವು ಖಾಸಗಿ ವ್ಯಕ್ತಿಯ ಕೈಗೆ ಕೊಟ್ಟಿರುವುದು. ಸಂಬಳದ ತಕರಾರು ಇಲ್ಲಿ ಸುಲಭವಾಗಿ ವಲಸೆಯ ಅಪರಾಧವಾಗಿ ಮಾರ್ಪಡುತ್ತದೆ. ಪದ್ಧತಿಯ ಬಗೆಗಿನ ಹೆಚ್ಚಿನ ಟೀಕೆಗಳು ಈ ಒಂದು ಅಂಶದಿಂದಲೇ ಹುಟ್ಟಿವೆ.

ಪದದ ಮೂಲ

ಕಫಾಲಾ ಎಂಬ ಅರಬ್ಬಿ ಪದಕ್ಕೆ ಜಾಮೀನು, ಹೊಣೆ, ಪೋಷಣೆ ಎಂಬ ಅರ್ಥಗಳಿವೆ. ಇಸ್ಲಾಮಿಕ್ ನ್ಯಾಯಶಾಸ್ತ್ರದಲ್ಲಿ ಒಬ್ಬನ ಸಾಲಕ್ಕೆ ಇನ್ನೊಬ್ಬನು ಜಾಮೀನಾಗುವುದನ್ನೂ, ಅನಾಥ ಮಗುವಿನ ಪಾಲನೆಯನ್ನು ವಹಿಸಿಕೊಳ್ಳುವುದನ್ನೂ ಇದೇ ಪದದಿಂದ ಸೂಚಿಸುತ್ತಾರೆ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 20ನೇ ವಿಧಿಯಲ್ಲಿ ಕಾಣುವ ಕಫಾಲಾ ಈ ಎರಡನೆಯ ಅರ್ಥದ್ದು. ಕಾರ್ಮಿಕ ವಲಸೆಗೂ ಅದಕ್ಕೂ ಸಂಬಂಧವಿಲ್ಲ.

ಇತಿಹಾಸ

ಅಪರಿಚಿತ ಅತಿಥಿಗೆ ಆಶ್ರಯ ನೀಡಿ ಅವನ ನಡತೆಗೆ ತಾನೇ ಹೊಣೆಯಾಗುವ ಮರುಭೂಮಿಯ ಬುಡಕಟ್ಟುಗಳ ವಾಡಿಕೆಯಿಂದ ಈ ಪದ್ಧತಿ ಬೆಳೆಯಿತೆಂಬುದು ಸಾಮಾನ್ಯವಾಗಿ ಹೇಳಲಾಗುವ ವಿವರಣೆ. ಬಹರೈನ್‌ನ ವಿದ್ವಾಂಸ ಒಮರ್ ಅಲ್‌ಶಹಾಬಿ ಇದನ್ನು ಒಪ್ಪುವುದಿಲ್ಲ. ಮುತ್ತು ತೆಗೆಯುವ ಹಡಗುಗಳಿಗೆ ಬರುತ್ತಿದ್ದ ಹೊರಗಿನ ಕೂಲಿಗಳನ್ನು ಕಡಿಮೆ ಖರ್ಚಿನಲ್ಲಿ ಹದ್ದುಬಸ್ತಿನಲ್ಲಿಡಲು ಬ್ರಿಟಿಷ್ ಅಧಿಕಾರಿಗಳು 20ನೇ ಶತಮಾನದ ಮೊದಲ ದಶಕಗಳಲ್ಲಿ ರೂಪಿಸಿದ ಆಡಳಿತ ಕ್ರಮವೇ ಇಂದಿನ ಕಫಾಲಾದ ಬೇರು ಎಂಬುದು ಅವರ ವಾದ. ಆಗ ಈ ಪ್ರದೇಶವು ಭಾರತದ ಆಡಳಿತದೊಡನೆ ಎಷ್ಟು ಹೆಣೆದುಕೊಂಡಿತ್ತೆಂದರೆ, ಅಲ್ಲಿನ ಹಲವು ಸಂಸ್ಥಾನಗಳಲ್ಲಿ 1960ರ ದಶಕದವರೆಗೂ ಭಾರತದ ರೂಪಾಯಿಯೇ ಚಲಾವಣೆಯಲ್ಲಿತ್ತು. 1959ರಲ್ಲಿ ಭಾರತೀಯ ರಿಸರ್ವ್ ಬ್ಯಾಂಕು ಇದಕ್ಕಾಗಿಯೇ ಪ್ರತ್ಯೇಕ ಗಲ್ಫ್ ರೂಪಾಯಿ ನೋಟುಗಳನ್ನು ಹೊರಡಿಸಿತ್ತು.

ಕುವೈತ್ 1961ರಲ್ಲಿಯೂ, ಬಹರೈನ್, ಕತಾರ್ ಮತ್ತು ಯುಎಇ 1971ರಲ್ಲಿಯೂ ಬ್ರಿಟಿಷ್ ರಕ್ಷಣೆಯಿಂದ ಹೊರಬಂದವು. 1973ರ ತೈಲ ಬೆಲೆ ಏರಿಕೆಯ ಬಳಿಕ ರಸ್ತೆ, ಬಂದರು, ಆಸ್ಪತ್ರೆಗಳ ನಿರ್ಮಾಣಕ್ಕೆ ಅಪಾರ ಸಂಖ್ಯೆಯ ಕಾರ್ಮಿಕರು ಬೇಕಾದರು. ದುಡಿಮೆ ಬೇಕು, ಆದರೆ ಖಾಯಂ ನೆಲೆಸುವವರು ಬೇಡ ಎಂಬ ನೀತಿಗೆ ಕಫಾಲಾ ಹೇಳಿ ಮಾಡಿಸಿದಂತಿತ್ತು. ಈ ದೇಶಗಳಲ್ಲಿ ಎಷ್ಟು ದಶಕ ದುಡಿದರೂ ವಿದೇಶಿಯರಿಗೆ ಪೌರತ್ವ ದೊರೆಯುವುದು ಇಂದಿಗೂ ತೀರ ಅಪರೂಪ.

ಪ್ರವೇಶ ಮತ್ತು ವಾಸ್ತವ್ಯದ ಪರವಾನಗಿ

ವಿದೇಶಿಯರನ್ನು ನೇಮಿಸಿಕೊಳ್ಳಬಯಸುವ ಉದ್ಯೋಗದಾತನು ಕಾರ್ಮಿಕ ಇಲಾಖೆಯಿಂದ ಮೊದಲು ವೀಸಾಗಳ ಮಂಜೂರಾತಿ ಪಡೆಯಬೇಕು. ಸೌದಿಯಂತಹ ದೇಶಗಳಲ್ಲಿ ಈ ಮಂಜೂರಾತಿ ಇಂತಿಷ್ಟು ಮಂದಿ, ಇಂತಹ ದೇಶದವರು, ಇಂತಹ ವೃತ್ತಿಯವರು ಎಂದು ನಿಗದಿಯಾಗಿರುತ್ತದೆ. ಹೀಗಾಗಿ ಗುಮಾಸ್ತನ ಕೆಲಸಕ್ಕೆ ಹೋಗುವವನು ಬಡಗಿಯ ವೀಸಾದಲ್ಲಿ, ವಾಹನ ಚಾಲಕನು ಕೂಲಿಯ ವೀಸಾದಲ್ಲಿ ಹೋಗುವುದು ಸಾಮಾನ್ಯ. ವೀಸಾದಲ್ಲಿ ನಮೂದಾದ ವೃತ್ತಿಯು ಬರಿಯ ಹೆಸರಲ್ಲ. ಸೌದಿಯಲ್ಲಿ 'ಆಮಿಲ್', ಅಂದರೆ ಕೂಲಿ, ಎಂದು ನಮೂದಾಗಿದ್ದವರಿಗೆ ಸಂಬಳ ಎಷ್ಟೇ ಇದ್ದರೂ ಕುಟುಂಬವನ್ನು ಕರೆತರಲು ಅವಕಾಶವಿರುತ್ತಿರಲಿಲ್ಲ.

ಹೊರಡುವ ಮುನ್ನ ಮಾನ್ಯತೆ ಪಡೆದ ಕೇಂದ್ರದಲ್ಲಿ ಕ್ಷಯ, ಎಚ್‌ಐವಿ, ಕಾಮಾಲೆ ಮುಂತಾದವುಗಳ ತಪಾಸಣೆ ನಡೆಯುತ್ತದೆ. ಅಲ್ಲಿಗೆ ತಲುಪಿದ ಮೇಲೆ ಅದೇ ತಪಾಸಣೆ ಮತ್ತೊಮ್ಮೆ ನಡೆಯುತ್ತದೆ. ಅದರಲ್ಲಿ ಅನುತ್ತೀರ್ಣನಾದವನನ್ನು ಹಿಂದಕ್ಕೆ ಕಳುಹಿಸುತ್ತಾರೆ. ಸಾಲ ಮಾಡಿ ಹೋದವನ ಪಾಲಿಗೆ ಈ ಎರಡನೆಯ ತಪಾಸಣೆಯೇ ಮೊದಲ ಗಂಡಾಂತರ. ಉತ್ತೀರ್ಣನಾದವನಿಗೆ ವಾಸ್ತವ್ಯದ ಪರವಾನಗಿ ಸಿಗುತ್ತದೆ. ಸೌದಿಯಲ್ಲಿ ಇದನ್ನು ಇಕಾಮಾ ಎನ್ನುತ್ತಾರೆ. ಆಗಮನದಿಂದ 90 ದಿನಗಳೊಳಗೆ ಇದನ್ನು ಮಾಡಿಸಿಕೊಡುವುದು ಉದ್ಯೋಗದಾತನ ಕರ್ತವ್ಯ. ಕತಾರ್‌ನಲ್ಲಿ ಗುರುತಿನ ಚೀಟಿಯೇ ಈ ಕೆಲಸ ಮಾಡುತ್ತದೆ. ಯುಎಇಯಲ್ಲಿ 2022ರಿಂದ ಪಾಸ್‌ಪೋರ್ಟಿಗೆ ವೀಸಾ ಚೀಟಿ ಅಂಟಿಸುವುದನ್ನು ಬಿಟ್ಟು ಎಮಿರೇಟ್ಸ್ ಗುರುತಿನ ಚೀಟಿಯನ್ನೇ ಪುರಾವೆಯಾಗಿ ಪರಿಗಣಿಸಲಾಗುತ್ತಿದೆ. ಕುವೈತ್‌ನಲ್ಲಿ ಜನರು ತಮ್ಮ ವೀಸಾವನ್ನು ವಿಧಿಯ ಸಂಖ್ಯೆಯಿಂದಲೇ ಗುರುತಿಸುತ್ತಾರೆ: ಸರ್ಕಾರಿ ನೌಕರರಿಗೆ 17, ಖಾಸಗಿ ಸಂಸ್ಥೆಗಳವರಿಗೆ 18, ಮನೆಗೆಲಸದವರಿಗೆ 20, ಕುಟುಂಬದವರಿಗೆ 22.

ಪರವಾನಗಿಯ ನವೀಕರಣದಲ್ಲಿ ಪದ್ಧತಿಯ ಸ್ವರೂಪ ಸ್ಪಷ್ಟವಾಗಿ ಕಾಣುತ್ತದೆ. ನವೀಕರಿಸಬೇಕಾದವನು ಉದ್ಯೋಗದಾತ; ಶುಲ್ಕ ಕಟ್ಟಬೇಕಾದವನೂ ಅವನೇ. ಆದರೆ ಅವಧಿ ಮುಗಿದ ಚೀಟಿಯೊಡನೆ ರಸ್ತೆಯಲ್ಲಿ ಸಿಕ್ಕಿಬೀಳುವವನು ಕಾರ್ಮಿಕ. ಅವನ ಬ್ಯಾಂಕ್ ಖಾತೆ ಸ್ಥಗಿತಗೊಳ್ಳುತ್ತದೆ, ಊರಿಗೆ ಹಣ ಕಳುಹಿಸಲಾಗುವುದಿಲ್ಲ, ವಿಮೆಯೂ ನಿಲ್ಲುತ್ತದೆ. ಸೌದಿಯಲ್ಲಿ ತಡವಾದ ನವೀಕರಣಕ್ಕೆ ಮೊದಲ ಸಲ 500 ರಿಯಾಲ್, ಎರಡನೆಯ ಸಲ 1,000 ರಿಯಾಲ್ ದಂಡವಿದ್ದು, ಮೂರನೆಯ ಸಲ ಗಡೀಪಾರಿನ ನಿಯಮವಿದೆ. ಅಲ್ಲಿ ಇಕಾಮಾದ ಮುದ್ದತನ್ನು ಬಹುಕಾಲ ಹಿಜ್ರಿ ಪಂಚಾಂಗದಂತೆ ನಮೂದಿಸಲಾಗುತ್ತಿತ್ತು. ಹಿಜ್ರಿ ವರ್ಷಕ್ಕೆ ಸುಮಾರು 354 ದಿನಗಳೇ ಇರುವುದರಿಂದ, ಊರಿನ ಕ್ಯಾಲೆಂಡರ್ ನೋಡಿ ಇನ್ನೂ ಹತ್ತು ದಿನ ಇದೆ ಎಂದುಕೊಂಡವರು ಅವಧಿ ಮೀರಿದವರಾಗುತ್ತಿದ್ದರು.

ಉದ್ಯೋಗ ಬದಲಾವಣೆ ಮತ್ತು ನಿರ್ಗಮನ

ಸಾಂಪ್ರದಾಯಿಕ ಕಫಾಲಾದಲ್ಲಿ ಬೇರೊಂದು ಕೆಲಸಕ್ಕೆ ಸೇರಬೇಕಾದರೆ ಈಗಿನ ಕಫೀಲನಿಂದ ನಿರಾಕ್ಷೇಪಣಾ ಪತ್ರ ತರಬೇಕು. ಅದಿಲ್ಲದೆ ಹೊರಟವನು ದೇಶ ಬಿಟ್ಟು ಹೋಗಿ ನಿಗದಿತ ಅವಧಿ ಕಳೆದ ಮೇಲಷ್ಟೇ ಹೊಸ ವೀಸಾದಲ್ಲಿ ಬರಬಹುದು. ಒಮಾನ್ 2014ರಲ್ಲಿ ಈ ಅವಧಿಯನ್ನು ಎರಡು ವರ್ಷ ಎಂದು ಬಿಗಿಗೊಳಿಸಿ, 2021ರ ಜನವರಿಯಿಂದ ಪತ್ರದ ಅಗತ್ಯವನ್ನೇ ತೆಗೆದುಹಾಕಿತು.

ದೇಶ ಬಿಡಲಿಕ್ಕೂ ಅನುಮತಿ ಬೇಕಾಗುವುದು ಸೌದಿ ಮತ್ತು ಕತಾರ್‌ಗಳ ವೈಶಿಷ್ಟ್ಯವಾಗಿತ್ತು. ಸೌದಿಯಲ್ಲಿ ರಜೆಯ ಮೇಲೆ ಹೋಗಿಬರುವುದಕ್ಕೆ ಒಂದು ಬಗೆಯ ವೀಸಾ, ಕೆಲಸ ಬಿಟ್ಟು ಹೋಗುವುದಕ್ಕೆ 'ಖುರೂಜ್ ನಿಹಾಯಿ' ಎಂಬ ಅಂತಿಮ ನಿರ್ಗಮನದ ವೀಸಾ. ರಜೆಗೆ ಹೋದವನು ಗಡುವಿನೊಳಗೆ ಹಿಂದಿರುಗದಿದ್ದರೆ ಮೂರು ವರ್ಷ ಪ್ರವೇಶ ನಿಷೇಧವೆಂಬ ನಿಯಮ ಬಹುಕಾಲ ಜಾರಿಯಲ್ಲಿತ್ತು. ತಾಯಿಯ ಕಾಯಿಲೆಯೆಂದು ಊರಿನಲ್ಲಿ ಉಳಿದವನಿಗೂ ಇದು ತಪ್ಪಿದ್ದಲ್ಲ. ಕತಾರ್‌ನ ನಿರ್ಗಮನ ಪರವಾನಗಿಯು ಲೋಕದ ಗಮನ ಸೆಳೆದದ್ದು ಫ್ರಾನ್ಸಿನ ಫುಟ್‌ಬಾಲ್ ಆಟಗಾರ ಜಾಹಿರ್ ಬೆಲೂನಿಸ್ ಪ್ರಕರಣದಲ್ಲಿ. ಬಾಕಿ ಸಂಬಳದ ವಿವಾದದಿಂದಾಗಿ ಪರವಾನಗಿ ಸಿಗದೆ ಅವರು ಕುಟುಂಬದೊಡನೆ ಅಲ್ಲಿಯೇ ಸಿಕ್ಕಿಬಿದ್ದು, 2013ರ ನವೆಂಬರಿನಲ್ಲಷ್ಟೇ ದೇಶ ಬಿಡಲು ಸಾಧ್ಯವಾಯಿತು.

ಕೆಲಸದ ಜಾಗವನ್ನು ಬಿಟ್ಟು ಹೋದ ಕಾರ್ಮಿಕನ ವಿರುದ್ಧ ಕಫೀಲನು 'ಪರಾರಿ' ದೂರು ದಾಖಲಿಸಬಹುದು. ಸೌದಿಯಲ್ಲಿ ಇದಕ್ಕೆ ಹುರೂಬ್ ಎಂದು ಹೆಸರು. ದೂರು ದಾಖಲಾದೊಡನೆ ಇಕಾಮಾ ಅಸಿಂಧುವಾಗಿ, ಕಾರ್ಮಿಕನು ಬಂಧನಕ್ಕೂ ಗಡೀಪಾರಿಗೂ ಒಳಗಾಗುತ್ತಾನೆ. ಹೊಡೆತ ತಾಳಲಾರದೆ ಓಡಿದವರಿಗೂ, ತಿಂಗಳುಗಟ್ಟಲೆ ಸಂಬಳ ಸಿಗದೆ ಬೇರೆಡೆ ಕೂಲಿಗೆ ಹೋದವರಿಗೂ ಇದೇ ಹೆಸರು ಅಂಟುತ್ತದೆ. ಸಂಬಳ ಕೇಳಿದವನನ್ನು ಬಾಯಿ ಮುಚ್ಚಿಸಲು ಸುಳ್ಳು ದೂರು ದಾಖಲಿಸಿದ ನಿದರ್ಶನಗಳನ್ನು ಮಾನವ ಹಕ್ಕು ಸಂಘಟನೆಗಳು ಮತ್ತೆ ಮತ್ತೆ ವರದಿ ಮಾಡಿವೆ. ಕಾರ್ಮಿಕ ನ್ಯಾಯಾಲಯಕ್ಕೆ ಹೋಗುವ ಹಕ್ಕು ಕಾಗದದ ಮೇಲಿದ್ದರೂ, ವ್ಯಾಜ್ಯ ಮುಗಿಯುವ ತನಕ ದುಡಿಯಲು ಪರವಾನಗಿ ಇಲ್ಲದವನು ಅಷ್ಟು ದಿನ ಹೊಟ್ಟೆಗೆ ಏನು ಮಾಡಬೇಕೆಂಬುದಕ್ಕೆ ಕಾನೂನಿನಲ್ಲಿ ಸುಲಭದ ಉತ್ತರವಿರಲಿಲ್ಲ.

ಕಾರ್ಮಿಕರ ಪಾಸ್‌ಪೋರ್ಟನ್ನು ಉದ್ಯೋಗದಾತರು ತಮ್ಮ ಕಪಾಟಿನಲ್ಲಿಟ್ಟುಕೊಳ್ಳುವುದು ಪದ್ಧತಿಯ ಭಾಗವೆಂದೇ ಅನೇಕರು ತಿಳಿದಿದ್ದಾರೆ. ಅದು ತಪ್ಪು. ಕೊಲ್ಲಿ ರಾಷ್ಟ್ರಗಳಲ್ಲಿ ಇದಕ್ಕೆ ನಿಷೇಧವಿದ್ದು, ಕತಾರ್‌ನ 2015ರ ಕಾನೂನು 25,000 ರಿಯಾಲ್‌ವರೆಗೆ ದಂಡ ವಿಧಿಸುತ್ತದೆ. ಆದರೂ ರೂಢಿ ಪೂರ್ತಿಯಾಗಿ ನಿಂತಿಲ್ಲ.

ಕಾರ್ಮಿಕನು ಅಲ್ಲಿಯೇ ಮೃತಪಟ್ಟರೆ ಶವವನ್ನು ಊರಿಗೆ ಕಳುಹಿಸಲಿಕ್ಕೂ ಉದ್ಯೋಗದಾತನ ಸಹಕಾರ ಬೇಕಾಗುತ್ತದೆ. ಬಾಕಿ ಲೆಕ್ಕ, ಪೊಲೀಸ್ ವರದಿ, ನಿರ್ಗಮನದ ಕಾಗದಗಳು ಕೂಡಿಬರುವವರೆಗೆ ಮನೆಯವರು ಕಾಯಬೇಕು. ಕಫೀಲನೊಡನೆ ವ್ಯಾಜ್ಯವಿದ್ದ ಅಥವಾ ಹುರೂಬ್ ದಾಖಲಾಗಿದ್ದ ಪ್ರಕರಣಗಳಲ್ಲಿ ಈ ಕಾಯುವಿಕೆ ಇನ್ನೂ ದೀರ್ಘವಾಗುತ್ತದೆ.

'ಫ್ರೀ ವೀಸಾ'

ಕರಾವಳಿ ಕರ್ನಾಟಕ ಮತ್ತು ಕೇರಳಗಳಲ್ಲಿ 'ಫ್ರೀ ವೀಸಾ' ಎಂದೂ, ಉತ್ತರ ಭಾರತದಲ್ಲಿ 'ಆಜಾದ್ ವೀಸಾ' ಎಂದೂ ಹೆಸರಾದ ವೀಸಾ ಯಾವ ದೇಶದ ಕಾನೂನಿನಲ್ಲಿಯೂ ಇಲ್ಲ. ಅದು ಬಿಟ್ಟಿಯಾಗಿ ಸಿಗುವಂಥದ್ದೂ ಅಲ್ಲ. ಕೆಲಸವನ್ನೇ ಕೊಡದ ಕಫೀಲನೊಬ್ಬನು ತನ್ನ ಹೆಸರಿನಲ್ಲಿ ಮಂಜೂರಾದ ವೀಸಾವನ್ನು ಮಧ್ಯವರ್ತಿಗಳ ಮೂಲಕ ಮಾರುತ್ತಾನೆ. ಕೊಂಡವನು ಅಲ್ಲಿಗೆ ಹೋಗಿ ತನಗೆ ಬೇಕಾದಲ್ಲಿ ದುಡಿಯುತ್ತಾನೆ. ಪ್ರತಿಯಾಗಿ ನವೀಕರಣದ ಸಮಯದಲ್ಲಿ, ಕೆಲವೊಮ್ಮೆ ತಿಂಗಳು ತಿಂಗಳೂ, ಕಫೀಲನಿಗೆ ಕಪ್ಪ ಒಪ್ಪಿಸುತ್ತಾನೆ.

ಕಟ್ಟುಪಾಡಿನ ಪದ್ಧತಿಯಲ್ಲಿ ತಮ್ಮ ಕೆಲಸವನ್ನು ತಾವೇ ಆರಿಸಿಕೊಳ್ಳಲು ಜನ ಕಂಡುಕೊಂಡ ಓಣಿ ಇದು. ಪ್ಲಂಬರ್, ಎಲೆಕ್ಟ್ರಿಷಿಯನ್, ಸಣ್ಣ ಅಂಗಡಿಯವರು ಮುಂತಾದ ಅನೇಕರು ಇದೇ ದಾರಿಯಲ್ಲಿ ಹತ್ತಾರು ವರ್ಷ ದುಡಿದು, ಊರಿನಲ್ಲಿ ಮನೆ ಕಟ್ಟಿ, ತಂಗಿಯರ ಮದುವೆ ಮಾಡಿದ್ದಾರೆ. ಆದ್ದರಿಂದ ಇದನ್ನು ಬರಿಯ ವಂಚನೆಯೆಂದು ತಳ್ಳಿಹಾಕುವುದು ಸರಿಯಲ್ಲ. ಆದರೆ ಕಫೀಲನ ಬಳಿಯಲ್ಲದೆ ಬೇರೆಡೆ ದುಡಿಯುವುದು ಪ್ರತಿದಿನವೂ ಅಪರಾಧವೇ. ಕಫೀಲನು ಸತ್ತರೆ, ಅವನ ಸಂಸ್ಥೆ ಮುಚ್ಚಿದರೆ, ಅಥವಾ ಅವನು ಕಪ್ಪ ಹೆಚ್ಚಿಸಿದರೆ ದೂರು ಕೊಡಲು ಜಾಗವಿಲ್ಲ. ಸೌದಿ ಸರ್ಕಾರವು ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ನಿತಾಕತ್ ಯೋಜನೆಯನ್ನು 2011ರಲ್ಲಿ ಆರಂಭಿಸಿ, 2013ರಲ್ಲಿ ಪರಿಶೀಲನೆ ಬಿಗಿಗೊಳಿಸಿದಾಗ ಮೊದಲು ಪೆಟ್ಟು ತಿಂದವರು ಈ ವರ್ಗದವರು. ಏಪ್ರಿಲ್‌ನಲ್ಲಿ ಆರಂಭವಾದ ಕ್ಷಮಾದಾನದ ಅವಧಿಯನ್ನು ನವೆಂಬರ್ 3ರವರೆಗೆ ವಿಸ್ತರಿಸಲಾಯಿತು. ಆ ತಿಂಗಳುಗಳಲ್ಲಿ ಲಕ್ಷಾಂತರ ವಿದೇಶಿಯರು ಕಾಗದಪತ್ರ ಸರಿಪಡಿಸಿಕೊಂಡರು ಇಲ್ಲವೇ ದೇಶ ಬಿಟ್ಟರು.

ಇಂತಹ ಕ್ಷಮಾದಾನಗಳು ಕೊಲ್ಲಿಯಲ್ಲಿ ಕೆಲವು ವರ್ಷಗಳಿಗೊಮ್ಮೆ ಬರುತ್ತಲೇ ಇರುತ್ತವೆ. ಸೌದಿ 2017ರಲ್ಲಿ, ಕುವೈತ್ 2018 ಮತ್ತು 2020ರಲ್ಲಿ, ಯುಎಇ 2007, 2013, 2018 ಹಾಗೂ 2024ರಲ್ಲಿ ದಂಡವಿಲ್ಲದೆ ಹೊರಹೋಗಲು ಅಥವಾ ಸಕ್ರಮಗೊಳ್ಳಲು ಅವಕಾಶ ನೀಡಿದ್ದವು. ಬಾಕಿ ಸಾಲ, ಚೆಕ್ಕಿನ ಮೊಕದ್ದಮೆ, ಪೊಲೀಸ್ ಪ್ರಕರಣಗಳಿಂದ ಪ್ರಯಾಣ ನಿಷೇಧಕ್ಕೆ ಒಳಗಾದವರಿಗೆ ಮಾತ್ರ ಕ್ಷಮಾದಾನದಿಂದಲೂ ದಾರಿ ತೆರೆಯುವುದಿಲ್ಲ.

ಕುಟುಂಬ

ಸಂಬಳ ಮತ್ತು ವೃತ್ತಿಯ ಮಿತಿಗಳನ್ನು ದಾಟಿದವರು ಪತ್ನಿ ಮಕ್ಕಳನ್ನು ಕರೆತರಬಹುದು. ಆಗ ಮನೆಯ ಯಜಮಾನನೇ ಅವರಿಗೆ ಕಫೀಲನಾಗುತ್ತಾನೆ. ಅವನ ಕೆಲಸ ಹೋದರೆ ಇಡೀ ಮನೆಯ ವಾಸ್ತವ್ಯ ಕೊನೆಗೊಳ್ಳುತ್ತದೆ. ಶಾಲೆಯ ವರ್ಷ ಅರ್ಧದಲ್ಲಿದೆ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಯುಎಇಯಲ್ಲಿ ಹುಟ್ಟಿದ ಮಗುವಿಗೆ 120 ದಿನಗಳೊಳಗೆ ಪಾಸ್‌ಪೋರ್ಟ್ ಮತ್ತು ವಾಸ್ತವ್ಯದ ಪರವಾನಗಿ ಮಾಡಿಸಬೇಕು. ಅಲ್ಲಿ ಹುಟ್ಟಿ ಬೆಳೆದ ಗಂಡುಮಗನು 18 ತುಂಬಿದೊಡನೆ ತಂದೆಯ ವೀಸಾದಿಂದ ಹೊರಬೀಳುತ್ತಿದ್ದನು. 2022ರಲ್ಲಿ ಈ ಮಿತಿಯನ್ನು 25ಕ್ಕೆ ಏರಿಸಲಾಯಿತು. ಅವಿವಾಹಿತ ಹೆಣ್ಣುಮಕ್ಕಳಿಗೆ ವಯಸ್ಸಿನ ಮಿತಿಯಿಲ್ಲ.

ಸೌದಿ ಅರೇಬಿಯಾ 2017ರ ಜುಲೈಯಿಂದ ಪ್ರತಿ ಅವಲಂಬಿತನಿಗೆ ತಿಂಗಳಿಗೆ 100 ರಿಯಾಲ್ ಶುಲ್ಕ ವಿಧಿಸಿ, ವರ್ಷಕ್ಕೆ 100ರಂತೆ ಏರಿಸುತ್ತಾ 2020ಕ್ಕೆ 400 ರಿಯಾಲ್ ಮಾಡಿತು. ಪತ್ನಿ ಮತ್ತು ಇಬ್ಬರು ಮಕ್ಕಳಿರುವವನು ವರ್ಷಕ್ಕೆ 14,400 ರಿಯಾಲ್ ಕಟ್ಟಬೇಕಾಯಿತು. ಮಧ್ಯಮ ಸಂಬಳದ ಅನೇಕರು ಕುಟುಂಬವನ್ನು ಊರಿಗೆ ಕಳುಹಿಸಿ ಮತ್ತೆ ಕೋಣೆ ಹಂಚಿಕೊಂಡು ಬದುಕತೊಡಗಿದರು.

ಮದುವೆ, ಜನನ ಮತ್ತು ವಿದ್ಯಾರ್ಹತೆಯ ಪ್ರಮಾಣಪತ್ರಗಳು ಊರಿನಲ್ಲಿಯೇ ದೃಢೀಕರಣಗೊಂಡಿರಬೇಕು. ಒಮಾನ್, ಬಹರೈನ್ ಮತ್ತು 2022ರಿಂದ ಸೌದಿ ಅರೇಬಿಯಾ ಅಪೊಸ್ಟಿಲ್ ಒಪ್ಪಂದಕ್ಕೆ ಸೇರಿರುವುದರಿಂದ ಅಲ್ಲಿಗೆ ವಿದೇಶಾಂಗ ಸಚಿವಾಲಯದ ಮುದ್ರೆ ಸಾಕು. ಒಪ್ಪಂದಕ್ಕೆ ಸೇರದ ದೇಶಗಳಿಗೆ ರಾಜ್ಯ ಸರ್ಕಾರ, ವಿದೇಶಾಂಗ ಸಚಿವಾಲಯ, ಆ ದೇಶದ ರಾಯಭಾರ ಕಚೇರಿ ಎಂಬ ಸರಪಣಿಯನ್ನು ದಾಟಬೇಕು.

ಮನೆಗೆಲಸದವರು

ಪದ್ಧತಿಯ ಅತ್ಯಂತ ಕಠೋರ ಮುಖವನ್ನು ಕಂಡವರು ಮನೆಗೆಲಸದ ಮಹಿಳೆಯರು. ಕೊಲ್ಲಿ ರಾಷ್ಟ್ರಗಳ ಕಾರ್ಮಿಕ ಕಾಯಿದೆಗಳು ಇವರನ್ನು ಬಹುಕಾಲ ಹೊರಗಿಟ್ಟಿದ್ದವು. ಇವರ ವೀಸಾ ಕಾರ್ಮಿಕ ಇಲಾಖೆಗಿಂತ ಹೆಚ್ಚಾಗಿ ಒಳಾಡಳಿತ ಇಲಾಖೆಗೆ ಸಂಬಂಧಿಸಿದ್ದು. ಕೆಲಸದ ಜಾಗವೂ ವಾಸದ ಜಾಗವೂ ಒಂದೇ ಆಗಿರುವುದರಿಂದ, ಕೆಲಸ ಬಿಡುವುದೆಂದರೆ ಬಾಗಿಲು ದಾಟಿದ ಕ್ಷಣವೇ ಅಕ್ರಮ ವಾಸಿಯಾಗುವುದು. ಕುವೈತ್ 2015ರಲ್ಲಿ, ಕತಾರ್ ಹಾಗೂ ಯುಎಇ 2017ರಲ್ಲಿ ಇವರಿಗಾಗಿ ಪ್ರತ್ಯೇಕ ಕಾನೂನು ತಂದವು. ಲೆಬನಾನ್‌ನಲ್ಲಿ 2020ರ ಆರ್ಥಿಕ ಕುಸಿತದ ವೇಳೆ ಮಾಲೀಕರು ಇಥಿಯೋಪಿಯಾದ ಮಹಿಳೆಯರನ್ನು ಬೈರೂತಿನ ದೂತಾವಾಸದ ಎದುರಿನ ಬೀದಿಯಲ್ಲಿಯೇ ಇಳಿಸಿ ಹೋದರು. ಅದೇ ವರ್ಷ ಅಲ್ಲಿನ ಕಾರ್ಮಿಕ ಸಚಿವಾಲಯ ರೂಪಿಸಿದ ಹೊಸ ಏಕರೂಪ ಕರಾರನ್ನು ದೇಶದ ಉನ್ನತ ಆಡಳಿತ ನ್ಯಾಯಾಲಯವು ತಡೆಹಿಡಿಯಿತು.

ಸುಧಾರಣೆಗಳು

ಪದ್ಧತಿಯನ್ನು ಬಹಿರಂಗವಾಗಿ ಗುಲಾಮಗಿರಿಗೆ ಹೋಲಿಸಿದವರಲ್ಲಿ ಬಹರೈನ್‌ನ ಅಂದಿನ ಕಾರ್ಮಿಕ ಸಚಿವ ಮಜೀದ್ ಅಲ್ ಅಲವಿ ಒಬ್ಬರು. 2009ರಲ್ಲಿ ಬಹರೈನ್ ಹಳೆಯ ಉದ್ಯೋಗದಾತನ ಒಪ್ಪಿಗೆಯಿಲ್ಲದೆ ಕೆಲಸ ಬದಲಿಸಲು ಅವಕಾಶ ನೀಡಿ, 2011ರಲ್ಲಿ ಒಂದು ವರ್ಷ ದುಡಿದಿರಬೇಕೆಂಬ ಷರತ್ತು ಸೇರಿಸಿತು. ಕಫೀಲನಿಲ್ಲದೆ ಕಾರ್ಮಿಕನೇ ತನ್ನ ಪರವಾನಗಿ ಕೊಳ್ಳಬಹುದಾದ ಯೋಜನೆಯನ್ನು 2017ರಲ್ಲಿ ತಂದರೂ 2022ರಲ್ಲಿ ಅದನ್ನು ಕೈಬಿಟ್ಟಿತು.

ಕತಾರ್‌ನ ಬದಲಾವಣೆಗಳಿಗೆ 2022ರ ವಿಶ್ವಕಪ್ ಫುಟ್‌ಬಾಲ್ ಹಿನ್ನೆಲೆಯಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯೊಡನೆ 2017ರಲ್ಲಿ ಒಪ್ಪಂದವಾದ ಬಳಿಕ, 2018ರಲ್ಲಿ ಹೆಚ್ಚಿನ ಕಾರ್ಮಿಕರಿಗೆ ನಿರ್ಗಮನ ಪರವಾನಗಿ ರದ್ದಾಯಿತು. 2020ರ ಜನವರಿಯಲ್ಲಿ ಮನೆಗೆಲಸದವರಿಗೂ ಇದು ವಿಸ್ತರಿಸಿತು. ಅದೇ ವರ್ಷ ನಿರಾಕ್ಷೇಪಣಾ ಪತ್ರವೂ ಹೋಯಿತು. 2021ರ ಮಾರ್ಚ್‌ನಿಂದ ತಿಂಗಳಿಗೆ 1,000 ರಿಯಾಲ್ ಕನಿಷ್ಠ ವೇತನ, ಉದ್ಯೋಗದಾತನು ವಸತಿ ಮತ್ತು ಊಟ ಒದಗಿಸದಿದ್ದಲ್ಲಿ ಕ್ರಮವಾಗಿ 500 ಮತ್ತು 300 ರಿಯಾಲ್ ಭತ್ಯೆ ಜಾರಿಗೆ ಬಂದವು. ಸೌದಿ ಅರೇಬಿಯಾವು 2021ರ ಮಾರ್ಚ್ 14ರಿಂದ ಕೆಲಸ ಬದಲಾವಣೆ ಮತ್ತು ನಿರ್ಗಮನಗಳನ್ನು ಸಡಿಲಗೊಳಿಸಿತು. ಮನೆಗೆಲಸದವರು, ಮನೆಯ ವಾಹನ ಚಾಲಕರು, ಕುರಿ ಕಾಯುವವರು, ತೋಟದ ಕೆಲಸದವರು ಇದರ ವ್ಯಾಪ್ತಿಗೆ ಬರಲಿಲ್ಲ. ಅಂದರೆ ಸಡಿಲಿಕೆ ಯಾರಿಗೆ ಹೆಚ್ಚು ಬೇಕಿತ್ತೋ ಅವರನ್ನೇ ಅದು ತಲುಪಲಿಲ್ಲ.

ಯುಎಇಯು 2009ರಲ್ಲಿ ಸಂಬಳವನ್ನು ಬ್ಯಾಂಕಿನ ಮೂಲಕವೇ ಪಾವತಿಸಬೇಕೆಂಬ ವೇತನ ರಕ್ಷಣಾ ವ್ಯವಸ್ಥೆಯನ್ನು ತಂದಿತು. 2019ರ ಗೋಲ್ಡನ್ ವೀಸಾ ಮತ್ತು 2022ರ ಗ್ರೀನ್ ವೀಸಾಗಳಿಗೆ ಕಫೀಲ ಬೇಕಿಲ್ಲ; ಆದರೆ ಅವು ಹೂಡಿಕೆದಾರರು, ವೈದ್ಯರು, ಹೆಚ್ಚಿನ ವಿದ್ಯಾರ್ಹತೆಯುಳ್ಳವರು ಮುಂತಾದವರಿಗಷ್ಟೇ ಎಟಕುತ್ತವೆ. ಎಲ್ಲ ದೇಶಗಳಲ್ಲಿಯೂ ಸಾಮಾನ್ಯ ಕಾರ್ಮಿಕನ ಪ್ರವೇಶ ಮತ್ತು ನವೀಕರಣಗಳು ಉದ್ಯೋಗದಾತನ ಕೈಯಲ್ಲಿಯೇ ಉಳಿದಿವೆ.

ಭಾರತ ಮತ್ತು ಕರ್ನಾಟಕ

ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡದ ಭಟ್ಕಳ ಭಾಗಗಳಿಂದ ಕೊಲ್ಲಿಗೆ ವಲಸೆ ಹೋಗುವುದು 1970ರ ದಶಕದಿಂದ ಹೆಚ್ಚಿತು. ಅದಕ್ಕೂ ಮುನ್ನ ಕರಾವಳಿಯವರು ಹೋಟೆಲ್ ಮತ್ತು ಬಂದರಿನ ಕೆಲಸಗಳಿಗೆ ಮುಂಬಯಿಗೆ ಹೋಗುತ್ತಿದ್ದುದರಿಂದ, ವೀಸಾದ ದಾರಿಯೂ ಬಹುಕಾಲ ಅಲ್ಲಿನ ಏಜೆಂಟರ ಮೂಲಕವೇ ಹಾದುಹೋಗುತ್ತಿತ್ತು.

ಭಾರತದ 1983ರ ವಲಸೆ ಕಾಯಿದೆಯಂತೆ, ಹತ್ತನೇ ತರಗತಿ ಉತ್ತೀರ್ಣರಾಗದವರ ಪಾಸ್‌ಪೋರ್ಟಿನಲ್ಲಿ 'ಇಸಿಆರ್' ಎಂಬ ನಮೂದು ಇರುತ್ತದೆ. ಇವರು ಕೊಲ್ಲಿ ರಾಷ್ಟ್ರಗಳೂ ಸೇರಿದಂತೆ 18 ದೇಶಗಳಿಗೆ ಉದ್ಯೋಗಕ್ಕಾಗಿ ಹೋಗುವ ಮುನ್ನ ವಲಸೆ ಸಂರಕ್ಷಣಾಧಿಕಾರಿಯ ಅನುಮತಿ ಪಡೆಯಬೇಕು. ಈ ಪಾಸ್‌ಪೋರ್ಟುಗಳಿಗೆ ಕಿತ್ತಳೆ ಬಣ್ಣದ ಹೊದಿಕೆ ಹಾಕುವುದಾಗಿ ಕೇಂದ್ರವು 2018ರ ಜನವರಿಯಲ್ಲಿ ಪ್ರಕಟಿಸಿ, ಓದದವರನ್ನು ಎತ್ತಿ ತೋರಿಸಿದಂತಾಗುತ್ತದೆ ಎಂಬ ಆಕ್ಷೇಪ ಬಂದೊಡನೆ ಕೈಬಿಟ್ಟಿತು. ನೋಂದಾಯಿತ ಏಜೆಂಟರು ಪಡೆಯಬಹುದಾದ ಸೇವಾ ಶುಲ್ಕಕ್ಕೆ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆಯ ಮಿತಿಯಿದೆ. ಫ್ರೀ ವೀಸಾದ ಬೆಲೆ ಇದರ ಹಲವು ಪಟ್ಟು. ಅನುಮತಿಯ ತಾಪತ್ರಯ ತಪ್ಪಿಸಲು ಸಂದರ್ಶಕ ವೀಸಾದಲ್ಲಿ ಹೋಗಿ ಅಲ್ಲಿ ಉದ್ಯೋಗ ವೀಸಾಕ್ಕೆ ಬದಲಿಸಿಕೊಳ್ಳುವ ರೂಢಿಯೂ ಇದೆ; ಹೀಗೆ ಹೋದವರ ಕರಾರು ಭಾರತದ ಯಾವ ಕಡತದಲ್ಲಿಯೂ ದಾಖಲಾಗಿರುವುದಿಲ್ಲ.

ಸಂಕಷ್ಟದಲ್ಲಿರುವವರಿಗೆ ತಂಗುದಾಣ, ಕಾನೂನು ನೆರವು, ಹಿಂದಿರುಗುವ ವಿಮಾನದ ಟಿಕೆಟ್, ಶವ ಸಾಗಣೆ ಮುಂತಾದವುಗಳಿಗಾಗಿ 2009ರಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿಯನ್ನು ಸ್ಥಾಪಿಸಲಾಯಿತು. ದೂರು ಸಲ್ಲಿಸಲು 2015ರಲ್ಲಿ 'ಮದದ್' ಜಾಲತಾಣ ಆರಂಭವಾಯಿತು.

ಸಾಹಿತ್ಯದಲ್ಲಿ

ಬೆನ್ಯಾಮಿನ್ ಅವರ ಮಲಯಾಳಂ ಕಾದಂಬರಿ ಆಡುಜೀವಿತಂ 2008ರಲ್ಲಿ ಪ್ರಕಟವಾಯಿತು. ಬ್ಲೆಸ್ಸಿ ನಿರ್ದೇಶನದಲ್ಲಿ 2024ರಲ್ಲಿ ಚಲನಚಿತ್ರವಾಗಿಯೂ ಬಂದಿತು. ಸೌದಿಗೆ ಹೋದ ನಜೀಬ್ ಎಂಬಾತನನ್ನು ವಿಮಾನ ನಿಲ್ದಾಣದಲ್ಲಿ ಒಬ್ಬ ಅರಬನು ಕಫೀಲನಂತೆ ಬಂದು ಕರೆದೊಯ್ದು ಮರುಭೂಮಿಯಲ್ಲಿ ಆಡು ಕಾಯಲು ಹಚ್ಚುತ್ತಾನೆ. ವರ್ಷಗಳ ಬಳಿಕ ತಪ್ಪಿಸಿಕೊಂಡು ಪೊಲೀಸರಿಗೆ ಶರಣಾದ ನಜೀಬನು, ಓಡಿಹೋದವರನ್ನು ಗುರುತಿಸಿ ಕರೆದೊಯ್ಯಲು ಕಫೀಲರು ಬರುವ ಬಂದೀಖಾನೆಯಲ್ಲಿ ಅದೇ ಯಜಮಾನನ ಎದುರು ನಿಲ್ಲುತ್ತಾನೆ. ಆತ ಅವನನ್ನು ಗುರುತಿಸಿಯೂ ಬಿಟ್ಟುಹೋಗುತ್ತಾನೆ. ನಜೀಬನ ವೀಸಾ ಅವನ ಹೆಸರಿನಲ್ಲಿ ಇರಲೇ ಇಲ್ಲ.